ಸ್ವಸೇವಾ ಕಿಯಾಸ್ಕ್ ಎಲ್ಲರಿಗೂ ಒದಗಬೇಕಾದರೆ: ನಿಲ್ಲಿಸುವ ಜಾಗದಿಂದ ರಸೀದಿಯವರೆಗೆ ಸಮಗ್ರ ಮಾರ್ಗದರ್ಶಿ

ಫೋನಿನಲ್ಲೋ ಮನೆಯ ಕಂಪ್ಯೂಟರಿನಲ್ಲೋ ಒಂದು ವೆಬ್‌ಸೈಟ್ ಸತಾಯಿಸಿದರೆ ಬಳಸುವವರಿಗೆ ಏನಾದರೊಂದು ದಾರಿ ಉಳಿದಿರುತ್ತದೆ. ಕಣ್ಣು ಕಾಣದವರ ಬಳಿ ಪರದೆಯಲ್ಲಿರುವುದನ್ನು ಓದಿ ಹೇಳುವ ತಮ್ಮದೇ ಸ್ಕ್ರೀನ್ ರೀಡರ್ ತಂತ್ರಾಂಶ ಇರುತ್ತದೆ, ಅದರ ದನಿ ಮತ್ತು ವೇಗ ಅವರಿಗೆ ಒಗ್ಗಿರುತ್ತದೆ. ಮಂದದೃಷ್ಟಿಯವರು ಅಕ್ಷರ ಹಿಗ್ಗಿಸಿಕೊಳ್ಳುತ್ತಾರೆ. ಬೆರಳು ಆಡದವರು ಸ್ವಿಚ್ಚನ್ನೋ ವಿಶೇಷ ಕೀಬೋರ್ಡನ್ನೋ ಜೋಡಿಸಿಕೊಳ್ಳುತ್ತಾರೆ. ಏನೂ ಆಗದಿದ್ದರೆ ನಾಳೆ ನೋಡೋಣ ಎಂದು ಮುಚ್ಚಿಡಬಹುದು. ಟಿಕೆಟ್ ಯಂತ್ರ, ಆಸ್ಪತ್ರೆಯ ನೋಂದಣಿ ಯಂತ್ರ, ಎಟಿಎಂ, ಊಟ ಆರ್ಡರ್ ಮಾಡುವ ಪರದೆ, ಇಂಥ ಸ್ವಸೇವಾ ಕಿಯಾಸ್ಕ್‌ಗಳ ಮುಂದೆ ಇದ್ಯಾವುದೂ ನಡೆಯುವುದಿಲ್ಲ. ಯಂತ್ರ ಬೇರೆಯವರದು. ನಮ್ಮದೇನನ್ನೂ ಅದಕ್ಕೆ ಜೋಡಿಸುವಂತಿಲ್ಲ, ಸೆಟ್ಟಿಂಗ್ ಬದಲಿಸುವಂತಿಲ್ಲ, ಬೆನ್ನ ಹಿಂದೆ ಸರದಿಯಲ್ಲಿ ಜನ ಕಾಯುತ್ತಿರುತ್ತಾರೆ.

ಆದ್ದರಿಂದ ಬೇಕಾದ ಸೌಕರ್ಯವೆಲ್ಲ ಯಂತ್ರದೊಳಗೇ ಇರಬೇಕು. ಅದು ಇದೆಯೋ ಇಲ್ಲವೋ ಎಂದು ನೋಡಲು ನಾನು ಒಂದೇ ಅಳತೆಗೋಲು ಬಳಸುತ್ತೇನೆ: ಯಂತ್ರವನ್ನು ಹುಡುಕುವುದರಿಂದ ಹಿಡಿದು ರಸೀದಿ ಕೈಗೆ ಬರುವವರೆಗಿನ ಇಡೀ ಕೆಲಸವನ್ನು, ಯಾರ ನೆರವೂ ಇಲ್ಲದೆ, ತನ್ನ ಪಿನ್ನನ್ನಾಗಲಿ ಕಾಯಿಲೆಯ ವಿವರವನ್ನಾಗಲಿ ಅಪರಿಚಿತರಿಗೆ ಹೇಳದೆ, ಒಬ್ಬರೇ ಮುಗಿಸಲು ಆಗುತ್ತದೆಯೇ? ಒಂಬತ್ತು ಹೆಜ್ಜೆ ಸುಗಮವಾಗಿದ್ದು ಹತ್ತನೆಯದರಲ್ಲಿ ಸಿಕ್ಕಿಕೊಂಡರೆ ಆ ವ್ಯಕ್ತಿಗೆ ಆ ಯಂತ್ರದಿಂದ ಏನೂ ಉಪಯೋಗವಾದಂತಾಗಲಿಲ್ಲ. ಬ್ರೈಲ್ ಪಟ್ಟಿ ಅಂಟಿಸಿ ಫೋಟೋ ತೆಗೆಸಿಕೊಂಡ ಎಷ್ಟೋ ಯಂತ್ರಗಳು ಈ ಪರೀಕ್ಷೆಯಲ್ಲಿ ಮೊದಲ ನಿಮಿಷದಲ್ಲೇ ಬಿದ್ದುಹೋಗುತ್ತವೆ.

ಈ ಮಾರ್ಗದರ್ಶಿ ಕಿಯಾಸ್ಕ್ ಕೊಳ್ಳುವವರಿಗೆ, ವಿನ್ಯಾಸ ಮಾಡುವವರಿಗೆ, ತಂತ್ರಾಂಶ ಬರೆಯುವವರಿಗೆ ಮತ್ತು ಕಟ್ಟಡ ನೋಡಿಕೊಳ್ಳುವವರಿಗೆ. ನಾಲ್ವರೂ ಒಂದೇ ಮೇಜಿನಲ್ಲಿ ಕೂತು ಓದಿದರೆ ಒಳ್ಳೆಯದು. ತೊಡಕುಗಳು ಹುಟ್ಟುವುದು ಬಹುಪಾಲು ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗದಲ್ಲಿ.

ಹಂತ 1: ವ್ಯವಹಾರವನ್ನು ಕಾಗದದ ಮೇಲೆ ಬಿಡಿಸಿ

ಯಂತ್ರದ ಮಾದರಿಗಳನ್ನು ನೋಡುವ ಮೊದಲು ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬರೆದುಕೊಳ್ಳಿ. ಯಂತ್ರ ಎಲ್ಲಿದೆ ಎಂದು ತಿಳಿಯುವುದು, ಅದರ ಹತ್ತಿರ ಹೋಗುವುದು, ಶುರು ಮಾಡುವುದು, ಭಾಷೆ ಆರಿಸುವುದು, ಬೇಕಾದ್ದನ್ನು ಹುಡುಕುವುದು, ವಿವರ ತುಂಬುವುದು, ತಪ್ಪಾದರೆ ತಿದ್ದುವುದು, ಹಣ ಕೊಡುವುದು, ಹೊರಬಂದ ಕಾಗದವನ್ನೋ ಕಾರ್ಡನ್ನೋ ತೆಗೆದುಕೊಳ್ಳುವುದು, ತನ್ನ ವಿವರ ಪರದೆಯಿಂದ ಅಳಿಸಿಹೋಗಿದೆ ಎಂದು ಖಾತ್ರಿ ಮಾಡಿಕೊಂಡು ಹೊರಡುವುದು.

ಇವನ್ನು ಎಡಗಡೆ ಸಾಲಾಗಿ ಬರೆಯಿರಿ. ಮೇಲ್ಗಡೆ ಅಡ್ಡಲಾಗಿ ಈ ಸ್ಥಿತಿಗಳನ್ನು ಬರೆಯಿರಿ: ಏನೂ ಕಾಣದು, ಮಸುಕಾಗಿ ಕಾಣುತ್ತದೆ, ಬಣ್ಣಗಳ ವ್ಯತ್ಯಾಸ ತಿಳಿಯದು, ಕಿವಿ ಕೇಳದು, ಮಾತು ಬಾರದು, ಒಂದೇ ಕೈ, ಕೈ ನಡುಗುತ್ತದೆ ಅಥವಾ ಹಿಡಿತವಿಲ್ಲ, ಕುಳಿತೇ ಬಳಸಬೇಕು, ಎತ್ತರ ಕಡಿಮೆ, ಓದುವುದು, ನೆನಪಿಡುವುದು ನಿಧಾನ. ಪ್ರತಿ ಚೌಕದಲ್ಲೂ ‘ಇದು ಹೇಗೆ ಆಗುತ್ತದೆ?’ ಎಂಬುದಕ್ಕೆ ಉತ್ತರ ತುಂಬಿ. ‘ಸಿಬ್ಬಂದಿ ನೆರವಾಗುತ್ತಾರೆ’ ಎಂದು ಬರೆದ ಚೌಕಗಳನ್ನು ಖಾಲಿ ಎಂದೇ ಎಣಿಸಿ. ಸಿಬ್ಬಂದಿ ಬೇಡವೆಂದೇ ಅಲ್ಲವೇ ಯಂತ್ರ ತಂದದ್ದು?

ಕಿವಿಯೂ ಕೇಳದ, ಕಣ್ಣೂ ಕಾಣದವರಿಗೆ ಈ ಕೋಷ್ಟಕ ಪೂರ್ತಿ ಉತ್ತರ ಕೊಡುವುದಿಲ್ಲ. ಅವರಿಗೆ ತಮ್ಮದೇ ಫೋನು ಮತ್ತು ಬೆರಳಿಗೆ ತಿಳಿಯುವ ಉಬ್ಬು ಚುಕ್ಕೆಗಳಲ್ಲಿ ಪಠ್ಯ ತೋರಿಸುವ ಬ್ರೈಲ್ ಡಿಸ್‌ಪ್ಲೇ ಮೂಲಕ ಅದೇ ಕೆಲಸ ಮಾಡುವ ದಾರಿ ಬೇಕು. ಅದರ ಮಾತು ಮುಂದೆ ಬರುತ್ತದೆ.

ಹಂತ 2: ಖರೀದಿ ಒಪ್ಪಂದದಲ್ಲೇ ಬರೆಯಿಸಿ

ಯಂತ್ರ ಬಂದ ಮೇಲೆ ಹೆಡ್‌ಫೋನ್ ಜ್ಯಾಕ್‌ಗೆ ರಂಧ್ರ ಕೊರೆಸುವುದಕ್ಕಿಂತ ಮೊದಲೇ ಇರುವ ಮಾದರಿ ಕೊಳ್ಳುವುದು ಅಗ್ಗ. ಮಾನದಂಡಗಳು ಬೇಕಾದಷ್ಟಿವೆ. ಯುರೋಪಿನ ಇಎನ್ 301 549 ಹಾರ್ಡ್‌ವೇರ್, ಸಾಫ್ಟ್‌ವೇರ್ ಎರಡನ್ನೂ ಒಳಗೊಳ್ಳುತ್ತದೆ. ಬಳಕೆದಾರರು ತಮ್ಮ ಸಾಧನ ಜೋಡಿಸಲಾಗದ ಯಂತ್ರಗಳಿಗೆಂದೇ ಅದರಲ್ಲಿ ಪ್ರತ್ಯೇಕ ನಿಯಮಗಳಿವೆ. ಭಾರತದ ಐಎಸ್ 17802 ಕೂಡ ಅದೇ ಹಾದಿಯಲ್ಲಿದೆ. ಅಮೆರಿಕದಲ್ಲಿ ಕಟ್ಟಡ ಮತ್ತು ಎಟಿಎಂ ಅಳತೆಗಳಿಗೆ ಎಡಿಎ ಎಂಬ ಅಂಗವಿಕಲರ ಹಕ್ಕಿನ ಕಾಯ್ದೆಯ 2010ರ ಮಾನದಂಡ, ಒಕ್ಕೂಟ ಸರ್ಕಾರ ಕೊಳ್ಳುವ ತಂತ್ರಜ್ಞಾನಕ್ಕೆ ಸೆಕ್ಷನ್ 508 ಎಂಬ ಕಾನೂನು ನಿಯಮ ಇವೆ. ಪರದೆಯ ಮೇಲಿನ ವಿಷಯಕ್ಕೆ ಎಲ್ಲರೂ ಹಿಡಿಯುವುದು ಡಬ್ಲ್ಯೂಸಿಎಜಿ ಎಂಬ ವೆಬ್ ಮಾರ್ಗಸೂಚಿಯನ್ನು, ಅದರ 2.2ನೇ ಆವೃತ್ತಿ 2023ರಲ್ಲಿ ಬಂತು. ಯುರೋಪಿಯನ್ ಆಕ್ಸೆಸಿಬಿಲಿಟಿ ಆ್ಯಕ್ಟ್ ಎಂದು ಕರೆಯುವ 2019/882 ನಿರ್ದೇಶನ 2025ರ ಜೂನ್ 28ರಿಂದ ಅನ್ವಯವಾಗುತ್ತಿದ್ದು, ಎಟಿಎಂ, ಟಿಕೆಟ್ ಯಂತ್ರ, ಚೆಕ್-ಇನ್ ಯಂತ್ರ, ಪಾವತಿ ಯಂತ್ರಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ.

ಟೆಂಡರಿನಲ್ಲಿ ‘ಮಾನದಂಡಕ್ಕೆ ಅನುಗುಣವಾಗಿರಬೇಕು’ ಎಂಬ ಒಂದು ಸಾಲು ಸಾಲದು. ಮಾರಾಟಗಾರರು ಕೊಡುವ ಅನುಸರಣಾ ವರದಿಗಳಲ್ಲಿ ‘ಭಾಗಶಃ ಬೆಂಬಲವಿದೆ’ ಎಂಬ ಮಾತು ಧಾರಾಳವಾಗಿರುತ್ತದೆ, ಯಾವ ಭಾಗ ಎಂಬುದು ಇರುವುದಿಲ್ಲ. ಅದರ ಬದಲು ಪ್ರದರ್ಶನ ಕೇಳಿ. ಪರದೆಯ ಮೇಲೆ ಬಟ್ಟೆ ಹೊದಿಸಿ ‘ಈಗ ಒಂದು ಟಿಕೆಟ್ ತೆಗೆದು ತೋರಿಸಿ’ ಎನ್ನಿ. ಕುರ್ಚಿಯಲ್ಲಿ ಕೂರಿಸಿ, ಒಂದು ಕೈ ಬೆನ್ನ ಹಿಂದಿಟ್ಟುಕೊಳ್ಳಲು ಹೇಳಿ, ಹಣ ಪಾವತಿ ಮಾಡಿಸಿ. ನೂರು ಪುಟದ ವರದಿ ಹೇಳದ್ದನ್ನು ಈ ಅರ್ಧ ಗಂಟೆ ಹೇಳುತ್ತದೆ. ಜತೆಗೆ, ತಂತ್ರಾಂಶ ನವೀಕರಣವಾದಾಗಲೂ ಇದೇ ಪರೀಕ್ಷೆ ಪಾಸಾಗಬೇಕು, ಆಗದಿದ್ದರೆ ಸರಿಪಡಿಸುವ ಖರ್ಚು ಅವರದು ಎಂದು ಒಪ್ಪಂದದಲ್ಲಿ ಬರೆಯಿಸಿ.

ಎಷ್ಟು ಯಂತ್ರ ಹೀಗಿರಬೇಕು? ಅಮೆರಿಕದ ಸಾರಿಗೆ ಇಲಾಖೆ 2013ರಲ್ಲಿ ಮಾಡಿದ ನಿಯಮ, ವಿಮಾನ ನಿಲ್ದಾಣದ ಪ್ರತಿ ಜಾಗದಲ್ಲೂ ಕನಿಷ್ಠ ಶೇ 25ರಷ್ಟು ಕಿಯಾಸ್ಕ್‌ಗಳು ಬಳಕೆಗೆ ಯೋಗ್ಯವಾಗಿರಬೇಕು ಎನ್ನುತ್ತದೆ. ನನ್ನ ಕೇಳಿದರೆ ಎಲ್ಲವೂ ಹಾಗಿರಲಿ. ನಾಲ್ಕರಲ್ಲಿ ಒಂದು ಮಾತ್ರ ಮಾತನಾಡುವುದಾದರೆ, ಆ ಒಂದು ಯಾವುದು ಎಂದು ಕಣ್ಣು ಕಾಣದವರು ಹುಡುಕುವುದು ಹೇಗೆ? ಅದೇ ಕೆಟ್ಟಿದ್ದರೆ?

ಹಂತ 3: ಜಾಗ, ಎತ್ತರ, ದಾರಿ

ಇಲ್ಲಿ ಅಳತೆಗಳೇ ಮುಖ್ಯ, ಟೇಪು ಹಿಡಿದು ಓದಿ. ಎಡಿಎ ಪ್ರಕಾರ ಯಂತ್ರದ ಮುಂದೆ ಗಾಲಿಕುರ್ಚಿ ನಿಲ್ಲಲು 760 × 1220 ಮಿಲಿಮೀಟರ್ ಸಮತಟ್ಟಾದ ಖಾಲಿ ನೆಲ ಬೇಕು. ಕುರ್ಚಿ ಪೂರ್ತಿ ತಿರುಗಲು ಸುಮಾರು 1525 ಮಿಲಿಮೀಟರ್ ವ್ಯಾಸದ ಜಾಗ. ಅಡ್ಡಿಯಿಲ್ಲದಿದ್ದಾಗ ಕೈ ಎಟುಕುವ ಎತ್ತರ ನೆಲದಿಂದ 380ರಿಂದ 1220 ಮಿಲಿಮೀಟರ್. ಗುಂಡಿ, ಕಾರ್ಡ್ ಸೀಳು, ನಾಣ್ಯದ ಕಿಂಡಿ, ರಸೀದಿ ಬರುವ ಬಾಯಿ, ಹೆಡ್‌ಫೋನ್ ಜ್ಯಾಕ್, ಸ್ಕ್ಯಾನರ್ ಎಲ್ಲವೂ ಇದರೊಳಗೆ ಬರಬೇಕು. ಪರದೆಯ ಮೇಲೆ ಒತ್ತಬೇಕಾದ ಗುಂಡಿಗಳಿಗೂ ಇದೇ ಲೆಕ್ಕ. ಆಳೆತ್ತರದ ಚಂದದ ಟಚ್‌ಸ್ಕ್ರೀನುಗಳು ಸೋಲುವುದು ಇಲ್ಲೇ. ‘ಹಿಂದೆ ಹೋಗು’ ಗುಂಡಿ ಮೇಲ್ಮೂಲೆಯಲ್ಲಿದ್ದರೆ ಕುಳಿತವರಿಗೆ ಅದು ಆಕಾಶದಲ್ಲಿದ್ದಂತೆ. ಎತ್ತರದ ಪರದೆಯೇ ಬೇಕೆಂದರೆ ಮೇಲರ್ಧವನ್ನು ಚಿತ್ರಕ್ಕೆ, ಜಾಹೀರಾತಿಗೆ ಬಿಟ್ಟು, ಒತ್ತುವುದೆಲ್ಲ ಕೆಳಗಿರಲಿ. ಅಥವಾ ಒಂದು ಗುಂಡಿ ಒತ್ತಿದರೆ ಇಡೀ ವಿಷಯ ಕೆಳಕ್ಕೆ ಇಳಿದುಬರಲಿ.

ಯಂತ್ರವನ್ನು ಕಟ್ಟೆಯೊಳಗೆ ಕೂರಿಸಿದರೆ ಲೆಕ್ಕ ಬದಲಾಗುತ್ತದೆ. ಕಟ್ಟೆಯ ಮೇಲೆ ಚಾಚಿ ಮುಟ್ಟಬೇಕಾದ ದೂರ ಹೆಚ್ಚಿದಷ್ಟೂ ಎಟುಕುವ ಎತ್ತರ ತಗ್ಗುತ್ತದೆ. ನೇರ ಎದುರಿನಿಂದ ಬರುವುದಾದರೆ ಕಟ್ಟೆಯ ಕೆಳಗೆ ಮೊಣಕಾಲು ತೂರಲು ಕನಿಷ್ಠ 685 ಮಿಲಿಮೀಟರ್ ಎತ್ತರ, 760 ಮಿಲಿಮೀಟರ್ ಅಗಲ ಬಿಡಿ.

ಕುಳಿತವರ ಕಣ್ಣಿನ ಮಟ್ಟವನ್ನೂ ನೋಡಿ. ಸೆಕ್ಷನ್ 508 ಸುಮಾರು 1015 ಮಿಲಿಮೀಟರ್ ಎತ್ತರದಿಂದ ಪರದೆ ಕಾಣಬೇಕು ಎನ್ನುತ್ತದೆ. ನಿಂತವರಿಗೆಂದು ಮೇಲ್ಮುಖವಾಗಿ ವಾಲಿಸಿದ ಪರದೆಯಲ್ಲಿ ಕುಳಿತವರಿಗೆ ಕಾಣುವುದು ಚಾವಣಿಯ ದೀಪದ ಪ್ರತಿಬಿಂಬ ಮಾತ್ರ. ನಿಲ್ಲಿಸುವ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಎತ್ತರದಲ್ಲಿ ಕಣ್ಣಿಟ್ಟು ನೋಡಿ.

ಬಿಳಿಕೋಲು ನೆಲದ ಮಟ್ಟದಲ್ಲಿ ತಡಕುತ್ತದೆ. 685ರಿಂದ 2030 ಮಿಲಿಮೀಟರ್ ಎತ್ತರದ ನಡುವೆ ಗೋಡೆಯಿಂದ 100 ಮಿಲಿಮೀಟರಿಗಿಂತ ಹೆಚ್ಚು ಹೊರಚಾಚಿದ್ದು ಏನಿದ್ದರೂ ಕೋಲಿಗೆ ಸಿಗದೆ ನೇರವಾಗಿ ಎದೆಗೋ ಮುಖಕ್ಕೋ ಬಡಿಯುತ್ತದೆ. ಗೋಡೆಗೆ ತೂಗುಹಾಕಿದ ಕಿಯಾಸ್ಕ್ ಕೆಳಗೆ ಕೋಲಿಗೆ ಸಿಗುವಂತೆ ಒಂದು ಪೀಠ ಕೊಡಿ. ಸರದಿಗೆಂದು ಕಟ್ಟುವ ಹಗ್ಗದ ಕಂಬಗಳ ನಡುವೆ ಕನಿಷ್ಠ 915 ಮಿಲಿಮೀಟರ್ ಬಿಡಿ. ಕಸದ ಬುಟ್ಟಿ, ಹೂಕುಂಡ, ಸ್ಯಾನಿಟೈಸರ್ ಸ್ಟ್ಯಾಂಡು, ‘ನೆಲ ಒದ್ದೆಯಿದೆ’ ಎಂಬ ಹಳದಿ ಫಲಕ, ಇವೆಲ್ಲ ಬಂದು ಕೂರುವುದು ಸರಿಯಾಗಿ ಆ 760 × 1220ರ ಜಾಗದಲ್ಲೇ. ನೆಲದ ಮೇಲೆ ಗೆರೆ ಎಳೆದು ಗುರುತು ಮಾಡಿದರೆ ಸ್ವಲ್ಪ ತಡೆಯಬಹುದು.

ಹಂತ 4: ಕೈಗೆ ತಿಳಿಯುವ ಗುಂಡಿಗಳು

ನುಣುಪಾದ ಗಾಜಿನ ಮೇಲೆ ಬೆರಳಿಗೆ ಯಾವ ಗುರುತೂ ಸಿಗುವುದಿಲ್ಲ. ತಡಕಲು ಹೋದರೆ ತಡಕಿದ್ದೆಲ್ಲ ಒತ್ತಿದಂತಾಗುತ್ತದೆ. ಆದ್ದರಿಂದ ಟಚ್‌ಸ್ಕ್ರೀನಿನ ಜತೆಗೆ ಮುಟ್ಟಿ ಗುರುತಿಸಬಹುದಾದ ಗುಂಡಿಗಳ ಒಂದು ಫಲಕ ಬೇಕೇ ಬೇಕು. ಹೆಚ್ಚೇನಿಲ್ಲ: ಮೇಲೆ, ಕೆಳಗೆ, ಆಯ್ಕೆ, ಹಿಂದೆ, ನೆರವು, ಧ್ವನಿಯ ಮಟ್ಟ. ಪ್ರತಿಯೊಂದಕ್ಕೂ ಬೇರೆ ಆಕಾರ. ಅಮೆರಿಕದ ಟ್ರೇಸ್ ಸಂಶೋಧನಾ ಕೇಂದ್ರ ರೂಪಿಸಿದ ಈಝಿ ಆಕ್ಸೆಸ್ ಎಂಬ ವಿಧಾನ ಹಲವು ವರ್ಷಗಳ ಹಿಂದೆಯೇ ತೋರಿಸಿದ್ದು ಇದನ್ನೇ: ಕೆಲವೇ ಗುಂಡಿಗಳಿಂದ ಪರದೆಯ ಮೇಲಿನ ಎಲ್ಲವನ್ನೂ ಒಂದೊಂದಾಗಿ ಕೇಳಿ ಆರಿಸಬಹುದು. ಸ್ಟಾರ್ಮ್ ಇಂಟರ್‌ಫೇಸ್‌ನಂಥ ಕಂಪನಿಗಳು ಹೆಡ್‌ಫೋನ್ ಜ್ಯಾಕ್ ಸಮೇತ ಇಂಥ ಸಿದ್ಧ ಫಲಕಗಳನ್ನು ಮಾರುತ್ತವೆ. ಯುಎಸ್‌ಬಿಗೆ ಚುಚ್ಚಿದರೆ ಯಂತ್ರಕ್ಕೆ ಅದೊಂದು ಕೀಬೋರ್ಡ್ ಅಷ್ಟೇ.

ಅಂಕಿಗಳ ಫಲಕ ಫೋನಿನ ಕ್ರಮದಲ್ಲಿ ಇರಲಿ, 5ರ ಮೇಲೆ ಉಬ್ಬು ಚುಕ್ಕೆ ಇರಲಿ. ಎಟಿಎಂಗಳಲ್ಲಿ ನೆಲೆನಿಂತ ಗುರುತುಗಳನ್ನು ಬದಲಿಸಲು ಹೋಗಬೇಡಿ: ಒಪ್ಪಿಗೆಗೆ ಉಬ್ಬಿದ ವೃತ್ತ, ಅಳಿಸಲು ಎಡಬಾಣ, ರದ್ದುಮಾಡಲು ಗುಣಾಕಾರ ಚಿಹ್ನೆಯ ಆಕಾರ. ಎಲ್ಲವೂ ಒಂದೇ ಕೈಯಲ್ಲಿ ಆಗಬೇಕು; ಬಿಗಿಯಾಗಿ ಹಿಡಿಯುವುದು, ಚಿವುಟುವುದು, ಮಣಿಕಟ್ಟು ತಿರುಚುವುದು ಬೇಕಾಗಬಾರದು. ಒತ್ತಲು ಬೇಕಾದ ಬಲ 22.2 ನ್ಯೂಟನ್ ಮೀರಬಾರದು ಎಂದು ಎಡಿಎ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ತುಂಬಾ ಕಡಿಮೆಯೇ ಇರಲಿ, ಸಂಧಿವಾತದ ಬೆರಳಿಗೆ ಆ ಮಿತಿಯೇ ಜಾಸ್ತಿ.

ಟಚ್‌ಸ್ಕ್ರೀನ್ ಯಾವ ಬಗೆಯದು ಎಂಬುದನ್ನೂ ವಿಚಾರಿಸಿ. ಫೋನಿನಲ್ಲಿರುವಂಥ ಕೆಪ್ಯಾಸಿಟಿವ್ ಪರದೆ ಚರ್ಮದ ಸ್ಪರ್ಶವನ್ನೇ ಬಯಸುತ್ತದೆ. ಕೃತಕ ಕೈ, ಬಾಯಲ್ಲಿ ಹಿಡಿದ ಕಡ್ಡಿ, ಗ್ಲೌಸು ಸಾಮಾನ್ಯವಾಗಿ ಅದಕ್ಕೆ ತಿಳಿಯುವುದಿಲ್ಲ. ಒತ್ತಡದಿಂದ ಕೆಲಸ ಮಾಡುವ ರೆಸಿಸ್ಟಿವ್ ಪರದೆಗೂ, ಇನ್‌ಫ್ರಾರೆಡ್ ಪರದೆಗೂ ಆ ತಕರಾರಿಲ್ಲ. ಎರಡು ಬೆರಳಿನ ಚಿವುಟು, ಉದ್ದದ ಎಳೆತ, ಒತ್ತಿ ಹಿಡಿಯುವುದು ಇವುಗಳನ್ನು ಬಿಟ್ಟುಬಿಡಿ. ಪಟ್ಟಿ ಜರುಗಿಸಲು ಮೇಲೆ-ಕೆಳಗೆ ಗುಂಡಿ ಕೊಡಿ. ನಡುಗುವ ಕೈಯಿಂದ ತಪ್ಪಿ ತಗುಲಿದ್ದನ್ನು ರದ್ದುಮಾಡಲು ಆಯ್ಕೆ ನೋಂದಾಗುವುದು ಬೆರಳು ಇಟ್ಟಾಗಲ್ಲ, ಎತ್ತಿದಾಗ ಎಂದು ಮಾಡಿ. ಜಾರಿಸಿ ಹೊರತೆಗೆದರೆ ಏನೂ ಆಗದಿರಲಿ.

ಹಂತ 5: ಯಂತ್ರ ಮಾತನಾಡಲಿ

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವ ಹಂತ ಇದು, ಎಲ್ಲರೂ ಕೊನೆಗೆ ತಳ್ಳುವುದೂ ಇದನ್ನೇ. ಆದರೆ ತಂತ್ರ ಹೊಸದಲ್ಲ. 1997ರಲ್ಲೇ ರಾಯಲ್ ಬ್ಯಾಂಕ್ ಆಫ್ ಕೆನಡಾ ಒಟ್ಟಾವಾದಲ್ಲಿ ಮಾತನಾಡುವ ಎಟಿಎಂ ನಿಲ್ಲಿಸಿತ್ತು. ಹಾಗಾಗಿ ‘ತಂತ್ರಜ್ಞಾನ ಇನ್ನೂ ಬೆಳೆಯಬೇಕು’ ಎಂಬ ಉತ್ತರವನ್ನು ಯಾರಿಂದಲೂ ಒಪ್ಪಬೇಡಿ.

ಶುರುವಾಗುವ ಕ್ರಮ ಹೀಗಿರಲಿ. ಹೆಡ್‌ಫೋನ್ ಚುಚ್ಚಿದ ಕೂಡಲೇ ಯಂತ್ರ ತಾನಾಗಿ ಧ್ವನಿ ಬಳಕೆಗೆ ಬದಲಾಗಬೇಕು. ಪರದೆಯ ಮೂಲೆಯಲ್ಲಿ ಚಿತ್ರವೊಂದನ್ನು ಮುಟ್ಟಿ ಶುರು ಮಾಡಿ ಎಂದರೆ ಅದರ ಉದ್ದೇಶವೇ ಹಾಳು. ಮೊದಲು ಯಂತ್ರ ಯಾವುದು, ಏನೇನು ಮಾಡುತ್ತದೆ ಎಂದು ಹೇಳಲಿ. ಆಮೇಲೆ ಗುಂಡಿಗಳು ಎಲ್ಲಿವೆ ಎಂಬ ವಿವರಣೆ: ‘ಜ್ಯಾಕ್‌ನ ಬಲಗಡೆ ಐದು ಗುಂಡಿಗಳಿವೆ, ನಡುವಿನ ದುಂಡಗಿನದು ಆಯ್ಕೆಗೆ. ಕಾರ್ಡ್ ಸೀಳು ಅದರಿಂದ ಒಂದು ಗೇಣು ಮೇಲೆ.’ ಪಳಗಿದವರು ಇದನ್ನೆಲ್ಲ ಕೇಳುತ್ತ ನಿಲ್ಲುವುದಿಲ್ಲ, ಆದ್ದರಿಂದ ಯಾವುದೇ ಗುಂಡಿ ಒತ್ತಿದರೂ ಮಾತು ಅಲ್ಲಿಗೇ ನಿಂತು ಮುಂದಕ್ಕೆ ಹೋಗಬೇಕು. ಮತ್ತೆ ಕೇಳಿಸುವ ಗುಂಡಿ, ವೇಗ ಬದಲಿಸುವ ಗುಂಡಿ, ಧ್ವನಿ ಏರಿಳಿಸುವ ಗುಂಡಿ ಇರಲಿ. ಒಬ್ಬರು ಏರಿಸಿದ್ದು ಮುಂದಿನವರ ಕಿವಿಗೆ ಬಡಿಯದಂತೆ ಪ್ರತಿ ಬಳಕೆಯ ನಂತರ ಧ್ವನಿ ಮೊದಲಿನ ಮಟ್ಟಕ್ಕೆ ಮರಳಬೇಕು. ಹೊರಗಿನ ಸ್ಪೀಕರಿನಲ್ಲಿ ಕೇಳಿಸುವುದಾದರೆ ಕನಿಷ್ಠ 65 ಡೆಸಿಬೆಲ್‌ವರೆಗೆ ಏರಿಸಲು ಬರಬೇಕು. ಖಾಸಗಿ ವಿವರವನ್ನಂತೂ ಅದರಲ್ಲಿ ಎಂದೂ ಆಡಬಾರದು.

ಜ್ಯಾಕ್ 3.5 ಮಿಲಿಮೀಟರಿನದೇ ಇರಲಿ. ಈಗಿನ ಬಹಳಷ್ಟು ಫೋನುಗಳಲ್ಲಿ ಅದು ಮಾಯವಾಗಿದೆ, ಜನ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಬರುತ್ತಾರೆ, ಕಣ್ಣು ಕಾಣದೆ ಒಂದು ಸಾರ್ವಜನಿಕ ಯಂತ್ರಕ್ಕೆ ಬ್ಲೂಟೂತ್ ಜೋಡಿಸುವುದು ಆಗುಹೋಗುವ ಮಾತಲ್ಲ. ಹಾಗಾಗಿ ಹತ್ತಿರದ ಕೌಂಟರಿನಲ್ಲಿ ಅಗ್ಗದ ತಂತಿ ಇಯರ್‌ಫೋನ್ ಕೊಡುವ ಏರ್ಪಾಡು ಮಾಡಿ, ಅಥವಾ ಯಂತ್ರಕ್ಕೇ ಫೋನ್ ರಿಸೀವರಿನಂಥದ್ದನ್ನು ತೂಗುಹಾಕಿ. ಶ್ರವಣಯಂತ್ರ ಬಳಸುವವರಿಗೆ ರಿಸೀವರ್ ಆ ಶ್ರವಣಯಂತ್ರದೊಳಗೆ ಧ್ವನಿಯನ್ನು ನೇರ ಹಿಡಿಯುವ ಸುರುಳಿಯಾದ ಟೆಲಿಕಾಯಿಲ್‌ಗೆ ಹೊಂದುವಂಥದ್ದಾದರೆ ಇನ್ನೂ ಒಳ್ಳೆಯದು.

ಈಗ ತಂತ್ರಾಂಶ. ಕಿಯಾಸ್ಕ್‌ನ ಪರದೆ ಬಹುತೇಕ ಒಂದು ಬ್ರೌಸರ್ ಪುಟವೇ. ವಿಂಡೋಸ್ ಯಂತ್ರವಾದರೆ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ, ಅಥವಾ ಕಿಯಾಸ್ಕ್‌ಗಳಿಗೆಂದೇ ಇರುವ ಜಾಸ್ ಸ್ಕ್ರೀನ್ ರೀಡರಿನ ಆವೃತ್ತಿ ಬಳಸಬಹುದು. ಎನ್‌ವಿಡಿಎ ಹಾಕುವುದಾದರೆ ಸೆಕ್ಯೂರ್ ಮೋಡಿನಲ್ಲಿ ನಡೆಸಿ. ಇಲ್ಲದಿದ್ದರೆ ಕೀಬೋರ್ಡ್ ಸಿಕ್ಕವರು ಅದರ ಮೆನುವಿನಿಂದ ಯಂತ್ರದೊಳಗೆ ನುಸುಳುತ್ತಾರೆ. ಐಪ್ಯಾಡ್ ಆಧಾರಿತ ಯಂತ್ರದಲ್ಲಿ ಅದರದೇ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಇದೆ, ಆದರೆ ಅದನ್ನು ಚಾಲೂ ಮಾಡುವ ಗುಂಡಿಯನ್ನು ಕಳ್ಳರ ಭಯಕ್ಕೆ ಲೋಹದ ಕವಚ ಪೂರ್ತಿ ಮುಚ್ಚಿರುತ್ತದೆ. ಕವಚ ಆರಿಸುವವರಿಗೆ ಈ ವಿಷಯ ಮೊದಲೇ ತಿಳಿಸಿ.

ಸ್ಕ್ರೀನ್ ರೀಡರ್ ಹಾಕಿದರೆ ಮುಗಿಯಲಿಲ್ಲ, ಅದಕ್ಕೆ ಓದಲು ಸರಿಯಾದದ್ದನ್ನು ಕೊಡಬೇಕು. ಗುಂಡಿಯಂತೆ ಕಾಣುವ ಚೌಕಗಳನ್ನು ನಿಜವಾದ ಬಟನ್ ಟ್ಯಾಗ್‌ನಲ್ಲೇ ಬರೆಯಿರಿ. ಹೊಸ ಪರದೆ ಬಂದಾಗ ಫೋಕಸ್ಸನ್ನು, ಅಂದರೆ ಸ್ಕ್ರೀನ್ ರೀಡರ್ ಓದುವ ಜಾಗವನ್ನು, ಅದರ ತಲೆಬರಹಕ್ಕೆ ಒಯ್ಯಿರಿ. ಇಲ್ಲದಿದ್ದರೆ ಪರದೆ ಬದಲಾದದ್ದೇ ಕೇಳುವವರಿಗೆ ತಿಳಿಯುವುದಿಲ್ಲ. ‘ದಯವಿಟ್ಟು ಕಾಯಿರಿ’, ‘ಕಾರ್ಡ್ ಓದಲಾಗಲಿಲ್ಲ’ ಎಂಬಂಥ ತಾನಾಗಿ ಮೂಡುವ ಸಂದೇಶಗಳನ್ನು ಕೋಡಿನಲ್ಲಿ ಲೈವ್ ರೀಜನ್ ಎಂದು ಗುರುತಿಸಿ, ಆಗ ಸ್ಕ್ರೀನ್ ರೀಡರ್ ಅವನ್ನು ತಾನಾಗಿ ಓದುತ್ತದೆ. ಮೂವತ್ತು ಸೆಕೆಂಡು ಯಂತ್ರ ಸುಮ್ಮನಿದ್ದರೆ ಕಣ್ಣಿರುವವರು ತಿರುಗುವ ಚಕ್ರ ನೋಡುತ್ತ ಕಾಯುತ್ತಾರೆ, ಉಳಿದವರು ಯಂತ್ರ ಕೆಟ್ಟಿತೆಂದು ಹೆಡ್‌ಫೋನ್ ಕಿತ್ತು ಹೊರಡುತ್ತಾರೆ. ನಡುನಡುವೆ ಒಂದು ಮೆಲುದನಿ ಬರುತ್ತಿರಲಿ.

ಭಾಷೆಯ ವಿಷಯದಲ್ಲಿ ಎರಡು ಮಾತು. ಒಂದು, ಪ್ರತಿ ಪಠ್ಯಕ್ಕೂ ಅದು ಯಾವ ಭಾಷೆಯದು ಎಂಬ ಗುರುತು ಕೋಡಿನಲ್ಲಿರಬೇಕು. ಇಲ್ಲದಿದ್ದರೆ ಇಂಗ್ಲಿಷ್ ದನಿಯೊಂದು ಕನ್ನಡ ಓದಲು ಹೊರಟು ಏನೇನೋ ಉಲಿಯುತ್ತದೆ, ಅಥವಾ ಸುಮ್ಮನಾಗುತ್ತದೆ. ಎರಡು, ಅಂಕಿ, ದಿನಾಂಕ, ಸಂಕ್ಷಿಪ್ತ ರೂಪಗಳನ್ನು ಒಂದೊಂದಾಗಿ ಕೇಳಿ ನೋಡಿ. ‘1500’ ಸಾವಿರದ ಐನೂರು ಆಗಬೇಕು, ಆದರೆ ಬುಕಿಂಗ್ ಸಂಖ್ಯೆಯಾದರೆ ಒಂದು-ಐದು-ಸೊನ್ನೆ-ಸೊನ್ನೆ ಆಗಬೇಕು. ಒಳ್ಳೆಯ ಕೃತಕ ದನಿ ಸಿಗದ ಭಾಷೆಯಲ್ಲಿ ಮನುಷ್ಯರ ದನಿಯನ್ನೇ ಧ್ವನಿಮುದ್ರಿಸಿ. ಬದಲಾಗದ ವಾಕ್ಯಗಳಿಗೆ ಅದು ಎಲ್ಲಕ್ಕಿಂತ ಸ್ಪಷ್ಟ.

ಗೋಪ್ಯತೆ ಮರೆಯಬಾರದು. ಧ್ವನಿಯಲ್ಲಿ ಬಳಸುತ್ತಿರುವವರಿಗೆ ತಮ್ಮ ಹಿಂದೆ ಯಾರು ಪರದೆ ನೋಡುತ್ತಿದ್ದಾರೆ ಎಂದು ತಿಳಿಯದು. ಪರದೆಯನ್ನು ಕಪ್ಪಾಗಿಸುವ ಆಯ್ಕೆ ಕೊಡಿ. ಆದರೆ ಅದು ಆಯ್ಕೆಯಾಗಿರಲಿ, ಏಕೆಂದರೆ ಮಂದದೃಷ್ಟಿಯ ಎಷ್ಟೋ ಮಂದಿ ಕೇಳುತ್ತಲೇ ನೋಡುತ್ತಾರೆ. ಹೆಡ್‌ಫೋನ್ ನಡುವೆ ಕಿತ್ತುಬಂದರೆ ಸ್ವಲ್ಪ ಹೊತ್ತು ಕಾದು, ಎಲ್ಲ ಅಳಿಸಿ ಮೊದಲ ಪರದೆಗೆ ಹೋಗಲಿ.

ಇನ್ನು ಬ್ರೈಲ್. ಧ್ವನಿ ಬಳಕೆಯನ್ನು ಶುರು ಮಾಡುವುದು ಹೇಗೆ ಎಂಬ ಸೂಚನೆ ಬ್ರೈಲ್‌ನಲ್ಲಿ ಇರಬೇಕು, ಜ್ಯಾಕ್‌ನ ಪಕ್ಕದಲ್ಲೇ. ಅದಕ್ಕಿಂತ ಹೆಚ್ಚು ಬೇಡ. ಅಂಧರೆಲ್ಲರಿಗೂ ಬ್ರೈಲ್ ಬಾರದು, ಆದ್ದರಿಂದ ಹೆಡ್‌ಫೋನಿನ ಉಬ್ಬು ಚಿತ್ರವೂ ಜತೆಗಿರಲಿ.

ಹಂತ 6: ಪರದೆಯ ಮೇಲೆ ಏನು, ಹೇಗೆ

ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ವ್ಯತ್ಯಾಸ, ದೊಡ್ಡ ಅಕ್ಷರಕ್ಕೂ ಗುಂಡಿಯ ಅಂಚಿಗೂ 3:1. ಇದು ಡಬ್ಲ್ಯೂಸಿಎಜಿಯ ಲೆಕ್ಕ, ಮೇಜಿನ ಮೇಲಿನ ಮಾನಿಟರಿನಲ್ಲಿ ಸರಿ. ಬಿಸಿಲು ಬೀಳುವ ಪ್ಲಾಟ್‌ಫಾರ್ಮಿನಲ್ಲಿ 7:1 ಇಟ್ಟುಕೊಳ್ಳುವುದು ಜಾಣತನ. ಬರೀ ಬಣ್ಣದಿಂದ ಏನನ್ನೂ ಹೇಳಬೇಡಿ: ಖಾಲಿ ಸೀಟು ಹಸಿರು, ತುಂಬಿದ್ದು ಕೆಂಪು ಎಂದರೆ ಹಲವರಿಗೆ ಎರಡೂ ಒಂದೇ, ತುಂಬಿದ್ದರ ಮೇಲೆ ಅಡ್ಡಗೆರೆ ಹಾಕಿ. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗುವುದು ಏನೂ ಇರಬಾರದು, ಅಪಸ್ಮಾರ ಇರುವವರಿಗೆ ಅದು ಅಪಾಯ.

ಅಕ್ಷರದ ಗಾತ್ರಕ್ಕೆ ಅಮೆರಿಕದ ಮಾನದಂಡ 4.8 ಮಿಲಿಮೀಟರ್ ಎನ್ನುತ್ತದೆ, ಆದರೆ ಅದನ್ನು ಅಳೆಯುವುದು ರೋಮನ್ ಲಿಪಿಯ ದೊಡ್ಡ ‘ಐ’ ಅಕ್ಷರದಿಂದ. ಒತ್ತಕ್ಷರ, ಗುಣಿತ ಇರುವ ನಮ್ಮಂಥ ಲಿಪಿಗಳಿಗೆ ಅದನ್ನು ಹಾಗೇ ತಂದರೆ ಒತ್ತುಗಳು ಚುಕ್ಕೆಗಳಾಗಿಬಿಡುತ್ತವೆ. ಒತ್ತಕ್ಷರ ಓದಲು ಬರುವಷ್ಟು ಗಾತ್ರವನ್ನೇ ಕನಿಷ್ಠವೆಂದು ಹಿಡಿಯಿರಿ, ಸಾಲುಗಳ ನಡುವೆ ಜಾಗ ಬಿಡಿ. ಅಕ್ಷರ ಹಿಗ್ಗಿಸುವ ಗುಂಡಿ ಮೊದಲ ಪರದೆಯಲ್ಲೇ ಇರಲಿ.

ಒತ್ತುವ ಜಾಗಕ್ಕೆ ಡಬ್ಲ್ಯೂಸಿಎಜಿ 2.2 ಹೇಳುವ 24 ಪಿಕ್ಸೆಲ್ ತೀರ ಕನಿಷ್ಠ. ನಿಂತು, ತೋಳು ಚಾಚಿ ಬಳಸುವ ಯಂತ್ರಕ್ಕೆ ಎರಡು ಸೆಂಟಿಮೀಟರಿನ ಚೌಕ, ನಡುವೆ ಖಾಲಿ ಜಾಗ ಎಂದೇ ವಿನ್ಯಾಸ ಮಾಡಿ.

ಓದುವುದು ಅಥವಾ ನೆನಪಿಡುವುದು ಕಷ್ಟವಾದವರಿಗೆ ಮಾಡುವುದೆಲ್ಲ ಅವಸರದಲ್ಲಿರುವ ಎಲ್ಲರಿಗೂ ಅನುಕೂಲ. ಒಂದು ಪರದೆಗೆ ಒಂದೇ ಪ್ರಶ್ನೆ. ಚಿತ್ರದ ಕೆಳಗೆ ಅದರ ಹೆಸರು. ‘ಹಿಂದೆ’ ಗುಂಡಿ ಪ್ರತಿ ಪರದೆಯಲ್ಲೂ ಒಂದೇ ಜಾಗದಲ್ಲಿ. ಒಮ್ಮೆ ಕೊಟ್ಟ ಹೆಸರು, ಸಂಖ್ಯೆ ಮತ್ತೆ ಕೇಳಬೇಡಿ. ಹಣ ಹೋಗುವ ಮುನ್ನ ಆರಿಸಿದ್ದೆಲ್ಲವನ್ನೂ ಒಟ್ಟಿಗೆ ತೋರಿಸಿ. ‘ಅಮಾನ್ಯ ನಮೂದು’ ಎಂಬ ದೋಷ ಸಂದೇಶದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಫೋನ್ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆಯಿದೆ’ ಎಂದು ಹೇಳಿ.

ಹಂತ 7: ಸಮಯ ಕೊಡಿ

ಸುಮ್ಮನಿದ್ದರೆ ಇಷ್ಟು ಸೆಕೆಂಡಿಗೆ ಎಲ್ಲ ಅಳಿಸಿಹೋಗುವುದು ಸುರಕ್ಷತೆಗೆ ಬೇಕು. ಆದರೆ ಅಳಿಸುವ ಮುನ್ನ ಎಚ್ಚರಿಸಿ, ಒಂದು ಸರಳ ಒತ್ತಿನಿಂದ ಸಮಯ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಿ, ಎಚ್ಚರಿಕೆ ಕಣ್ಣಿಗೂ ಕಿವಿಗೂ ಸಿಗಲಿ. ಧ್ವನಿ ಬಳಕೆಯಲ್ಲಿ ಗಡಿಯಾರ ಶುರುವಾಗಬೇಕಾದ್ದು ಪರದೆ ಮೂಡಿದಾಗ ಅಲ್ಲ, ಅದನ್ನು ಓದಿ ಮುಗಿಸಿದ ಮೇಲೆ. ಉದ್ದದ ಪಟ್ಟಿ ಓದುವಷ್ಟರಲ್ಲೇ ಸಮಯ ಮುಗಿಯುವ ಯಂತ್ರಗಳು ನಿಜಕ್ಕೂ ಇವೆ. ಹೊರಬಂದ ಕಾರ್ಡನ್ನೋ ನೋಟನ್ನೋ ಯಂತ್ರ ಮತ್ತೆ ಒಳಗೆಳೆದುಕೊಳ್ಳುವ ಸಮಯವನ್ನೂ ಇದೇ ಕಣ್ಣಿನಿಂದ ನೋಡಿ.

ಹಂತ 8: ಹಣ, ಪಿನ್, ರಸೀದಿ

ಇಡೀ ಸರಪಳಿ ಕಡಿಯುವುದು ಹೆಚ್ಚಾಗಿ ಇಲ್ಲಿ, ಏಕೆಂದರೆ ಪಾವತಿಯ ಉಪಕರಣ ಬೇರೊಂದು ಕಂಪನಿಯದು. ಕಿಯಾಸ್ಕ್ ಚೆನ್ನಾಗಿ ಮಾತನಾಡುತ್ತದೆ, ‘ಈಗ ಪಿನ್ ಒತ್ತಿ’ ಎನ್ನುತ್ತದೆ, ಪಿನ್ ಒತ್ತಬೇಕಾದ ಸಾಧನ ಮಾತ್ರ ನುಣುಪಾದ ಗಾಜು. ಗುಂಡಿಗಳಿರುವ ಪಿನ್ ಪ್ಯಾಡನ್ನೇ ಕೇಳಿ ಹಾಕಿಸಿ. ಪಿನ್ ಒತ್ತುವಾಗ ಅಂಕಿಯನ್ನು ಉಚ್ಚರಿಸದೆ ಒಂದು ಬೀಪ್ ಮಾತ್ರ ಬರಲಿ. ಎಷ್ಟು ಹಣ ಎಂಬುದನ್ನು ಪಿನ್ ಕೇಳುವ ಮೊದಲೇ ಕಿವಿಗೆ ಹೇಳಿ. ಮೊತ್ತ ತಿಳಿಯದೆ ಒಪ್ಪಿಗೆ ಒತ್ತಿ ಎನ್ನುವುದು ಅನ್ಯಾಯ.

ಕಾರ್ಡ್ ತಾಗಿಸುವ ಜಾಗದ ಸುತ್ತ ಉಬ್ಬು ಅಂಚು ಕೊಡಿ, ಸೀಳಿನ ಬಾಯಿ ಅಗಲವಾಗಿದ್ದು ಇಳಿಜಾರಾಗಿರಲಿ. ಟಿಕೆಟ್ಟನ್ನು ಯಾವ ಕಡೆ ಮುಂದಾಗಿ ಗೇಟಿಗೆ ಹಾಕಬೇಕು ಎಂಬುದು ಮುಖ್ಯವಾದರೆ ಮೂಲೆಯಲ್ಲೊಂದು ಕಚ್ಚು ಕತ್ತರಿಸಿರಲಿ. ಬೆರಳಚ್ಚು ಅಥವಾ ಮುಖ ಗುರುತಿಸುವಿಕೆಯೊಂದೇ ದಾರಿಯಾಗಬಾರದು: ಬೆರಳಿಲ್ಲದವರಿದ್ದಾರೆ, ಕ್ಯಾಮೆರಾದ ಎತ್ತರಕ್ಕೆ ಮುಖ ಒಡ್ಡಲಾಗದವರಿದ್ದಾರೆ. ರಸೀದಿಯಲ್ಲಿ ಇರುವುದನ್ನೆಲ್ಲ ಓದಿ ಹೇಳಿ, ಟೋಕನ್ ಸಂಖ್ಯೆಯನ್ನು ಎರಡು ಸಲ ಹೇಳಿ, ಫೋನಿಗೆ ಸಂದೇಶ ಕಳಿಸುವ ಆಯ್ಕೆಯನ್ನೂ ಕೊಡಿ. ಆ ಟೋಕನ್ನನ್ನು ಮುಂದೆ ಕರೆಯುವುದು ಗೋಡೆಯ ಮೇಲಿನ ಪರದೆಯಲ್ಲಿ ಮಾತ್ರವೋ, ಕೂಗಿ ಮಾತ್ರವೋ? ಎರಡೂ ಬೇಕು.

ಹಂತ 9: ಕಿವಿ ಕೇಳದವರು, ಮಾತು ಬಾರದವರು

ಇಲ್ಲಿ ಕೆಲಸ ಕಡಿಮೆ, ಮರೆವು ಹೆಚ್ಚು. ಬೀಪ್‌ನಿಂದ ಹೇಳುವುದನ್ನೆಲ್ಲ ಪರದೆಯ ಮೇಲೂ ತೋರಿಸಿ. ವಿಡಿಯೊ ಇದ್ದರೆ ಅಡಿಬರಹ ಕೊಡಿ. ನೆರವಿನ ಗುಂಡಿ ಒತ್ತಿದರೆ ಬರುವುದು ಸ್ಪೀಕರಿನ ದನಿ ಮಾತ್ರವಾದರೆ ಈ ಮಂದಿಗೆ ಅದು ನೆರವೇ ಅಲ್ಲ. ಬರಹದಲ್ಲಿ ಮಾತಾಡುವ ಅಥವಾ ಸನ್ನೆ ಭಾಷೆಯ ವಿಡಿಯೊ ಕರೆಯ ಏರ್ಪಾಡು ಬೇಕು. ಮಾತಿನಿಂದ ಆಜ್ಞೆ ಕೊಡುವ ಹೊಸ ಯಂತ್ರಗಳಲ್ಲಿ ಅದೇ ಏಕೈಕ ದಾರಿಯಾಗದಂತೆ ನೋಡಿಕೊಳ್ಳಿ. ತೊದಲುವವರನ್ನು ಅವು ನಡುವೆಯೇ ತುಂಡರಿಸುತ್ತವೆ.

ಹಂತ 10: ಸ್ವಂತ ಫೋನಿನ ದಾರಿ

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇಡೀ ಕೆಲಸವನ್ನು ತಮ್ಮ ಫೋನಿನಲ್ಲೇ ಮುಗಿಸುವಂತೆ ಮಾಡಿದರೆ ಬಹಳ ಜನಕ್ಕೆ ಅದೇ ಸುಲಭ, ಕಣ್ಣೂ ಕಾಣದೆ ಕಿವಿಯೂ ಕೇಳದೆ ಬ್ರೈಲ್ ಡಿಸ್‌ಪ್ಲೇ ಬಳಸುವವರಿಗೆ ಅದೊಂದೇ ದಾರಿ. ಕೋಡ್‌ನ ಸುತ್ತ ಉಬ್ಬು ಚೌಕಟ್ಟು ಇರಲಿ, ತೆರೆಯುವ ಪುಟ ಸ್ಕ್ರೀನ್ ರೀಡರಿಗೆ ಹೊಂದಲಿ. ಆದರೆ ಇದು ಹೆಚ್ಚುವರಿ ದಾರಿ. ಫೋನಿಲ್ಲದವರಿಗೆ, ಬ್ಯಾಟರಿ ಮುಗಿದವರಿಗೆ ಯಂತ್ರವೇ ಒದಗಬೇಕು.

ಹಂತ 11: ಬಳಸುವವರಿಂದಲೇ ಪರೀಕ್ಷೆ

ತಂತ್ರಾಂಶದ ಸ್ವಯಂಚಾಲಿತ ಪರೀಕ್ಷೆಗಳು ಬಣ್ಣದ ವ್ಯತ್ಯಾಸ, ಹೆಸರಿಲ್ಲದ ಗುಂಡಿ ಇಂಥವನ್ನು ಹಿಡಿಯುತ್ತವೆ. ಜ್ಯಾಕ್ ಎಲ್ಲಿದೆ ಎಂದು ತಡಕಾಡುವುದನ್ನು ಹಿಡಿಯುವುದಿಲ್ಲ. ಬೇರೆಬೇರೆ ಅಂಗವೈಕಲ್ಯದ ಜನರನ್ನು ಕರೆಯಿಸಿ, ಅವರ ಸಮಯಕ್ಕೆ ಸಂಭಾವನೆ ಕೊಡಿ, ಅವರು ಹಿಂದೆಂದೂ ನೋಡದ ಯಂತ್ರದ ಮುಂದೆ ನಿಲ್ಲಿಸಿ ಒಂದು ಕೆಲಸ ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ಕಷ್ಟ ಇದೇ, ವಿನ್ಯಾಸ ಮಾಡಿದವರಿಗೆ ‘ಅಲ್ಲೇ ಬಲಗಡೆ ಇದೆ’ ಎನ್ನದೆ ಇರಲಾಗುವುದಿಲ್ಲ. ಪ್ರಯೋಗಾಲಯದಲ್ಲಿ ಒಮ್ಮೆ ಆದಮೇಲೆ ನಿಜವಾದ ಜಾಗದಲ್ಲಿ, ಗದ್ದಲದ ಹೊತ್ತಿನಲ್ಲಿ ಇನ್ನೊಮ್ಮೆ ಮಾಡಿ. ಕೆಲಸ ಸುಗಮವಾಗಿ ಆಗುವ ದಾರಿಯನ್ನಷ್ಟೇ ನೋಡಬೇಡಿ: ತಪ್ಪು ಪಿನ್, ಮುಗಿದ ಕಾಗದ, ತುಂಡಾದ ಇಂಟರ್ನೆಟ್, ನಡುವೆ ರದ್ದು, ಇವುಗಳಲ್ಲಿ ಯಂತ್ರ ಏನು ಹೇಳುತ್ತದೆ ಎಂದು ಕೇಳಿ. ದೋಷದ ಪರದೆಗಳಲ್ಲೇ ಧ್ವನಿ ಕೈಕೊಡುವುದು ಹೆಚ್ಚು.

ಈಗಾಗಲೇ ನಿಂತಿರುವ ಯಂತ್ರಗಳಿಗೆ

ಯುರೋಪಿನ ಕಾನೂನು ಹಳೆಯ ಯಂತ್ರಗಳಿಗೆ ಅವುಗಳ ಆಯುಷ್ಯ ಮುಗಿಯುವವರೆಗೆ ವಿನಾಯಿತಿ ಕೊಡಲು ದೇಶಗಳಿಗೆ ಅವಕಾಶ ಕೊಟ್ಟಿದೆ, ಗರಿಷ್ಠ 20 ವರ್ಷ. ಅಷ್ಟು ಕಾಯಬೇಕಿಲ್ಲ. ಯುಎಸ್‌ಬಿ ಕಿಂಡಿಯೊಂದಿದ್ದರೆ ಗುಂಡಿ ಫಲಕ ಸೇರಿಸಬಹುದು. ಬಣ್ಣ, ಅಕ್ಷರದ ಗಾತ್ರ, ಸಮಯದ ಮಿತಿ, ಗುಂಡಿಗಳ ಜಾಗ, ದೋಷ ಸಂದೇಶ ಇವೆಲ್ಲ ತಂತ್ರಾಂಶದ ಕೆಲಸ, ಲೋಹ ಮುಟ್ಟಬೇಕಿಲ್ಲ. ಎತ್ತರದ ಪೀಠವನ್ನು ಕೆಲವೊಮ್ಮೆ ತಗ್ಗಿಸಬಹುದು. ಇದ್ಯಾವುದೂ ಆಗದ ಯಂತ್ರದ ಪಕ್ಕ, ಅದೇ ಬೆಲೆಗೆ, ಅದೇ ಹೊತ್ತಿನಲ್ಲಿ, ಕಾಯಿಸದೆ ಸೇವೆ ಕೊಡುವ ಮನುಷ್ಯರ ಕೌಂಟರ್ ತೆರೆದಿರಬೇಕು.

ಹಂತ 12: ನಿರ್ವಹಣೆ

ಹೆಡ್‌ಫೋನ್ ಜ್ಯಾಕ್‌ನಲ್ಲಿ ಧೂಳು, ಚ್ಯೂಯಿಂಗ್ ಗಮ್, ಮುರಿದ ಪಿನ್ನು ಸೇರಿಕೊಳ್ಳುತ್ತವೆ. ಪರದೆ ಕೆಟ್ಟರೆ ಒಂದು ಗಂಟೆಯಲ್ಲಿ ದೂರು ಬರುತ್ತದೆ. ಜ್ಯಾಕ್ ಕೆಟ್ಟರೆ ತಿಂಗಳುಗಟ್ಟಲೆ ಯಾರೂ ಹೇಳುವುದಿಲ್ಲ, ಅದನ್ನು ಬಳಸಬೇಕಾದವರು ಒಮ್ಮೆ ಪ್ರಯತ್ನಿಸಿ ಮತ್ತೆ ಬರುವುದಿಲ್ಲ. ಆದ್ದರಿಂದ ಶುಚಿಗೊಳಿಸಲು ಬರುವ ಸಿಬ್ಬಂದಿಯ ವಾರದ ಪಟ್ಟಿಯಲ್ಲಿ ‘ಇಯರ್‌ಫೋನ್ ಚುಚ್ಚಿ, ಮೊದಲ ವಾಕ್ಯ ಕೇಳಿ, ಐದು ಗುಂಡಿ ಒತ್ತಿ’ ಎಂಬ ಸಾಲು ಸೇರಿಸಿ. ಎರಡು ನಿಮಿಷದ ಕೆಲಸ. ಸುತ್ತಲಿನ ಸಿಬ್ಬಂದಿಗೆ ಧ್ವನಿ ಬಳಕೆ ಶುರುವಾಗುವುದು ಹೇಗೆ ಎಂದು ಗೊತ್ತಿರಲಿ. ಯಾರಾದರೂ ಕೇಳಿದಾಗ ಅವರ ಕೈಯಿಂದ ಕಾರ್ಡ್ ಕಿತ್ತುಕೊಂಡು ತಾವೇ ಮಾಡಿಕೊಡುವುದಲ್ಲ, ಜ್ಯಾಕ್ ಎಲ್ಲಿದೆ ಎಂದು ತಿಳಿಸುವುದು ಅವರ ಕೆಲಸ.

ತಂತ್ರಾಂಶದ ಪ್ರತಿ ನವೀಕರಣದ ನಂತರ ಹಂತ 2ರಲ್ಲಿ ಹೇಳಿದ ಬಟ್ಟೆ ಹೊದಿಸಿದ ಪರೀಕ್ಷೆ ಮತ್ತೆ ನಡೆಸಿ. ಹೊಸ ಜಾಹೀರಾತಿನ ಪರದೆಯೊಂದು ಸೇರಿದರೂ ಫೋಕಸ್ ದಾರಿತಪ್ಪುತ್ತದೆ.

ಬಳಕೆಯ ಅಂಕಿಅಂಶ ನೋಡಿ ‘ಧ್ವನಿ ಬಳಸುವವರೇ ಇಲ್ಲ, ತೆಗೆದುಬಿಡೋಣ’ ಎನ್ನುವವರು ಎಲ್ಲ ಕಚೇರಿಗಳಲ್ಲೂ ಒಬ್ಬರಿರುತ್ತಾರೆ. ಅವರ ಮುಂದೆ ಬೇರೆಯೇ ಲೆಕ್ಕ ಇಡಿ: ಧ್ವನಿಯಲ್ಲಿ ಶುರುವಾದ ಎಷ್ಟು ಬಳಕೆಗಳು ರಸೀದಿಯವರೆಗೆ ತಲುಪಿದವು, ತಲುಪದವು ಯಾವ ಪರದೆಯಲ್ಲಿ ನಿಂತವು. ಹೆಸರು, ಕಾರ್ಡ್ ಸಂಖ್ಯೆ ಯಾವುದನ್ನೂ ದಾಖಲಿಸದೆ ಇಷ್ಟನ್ನು ಯಂತ್ರ ಬರೆದಿಡಬಲ್ಲದು. ಹೆಚ್ಚಿನವು ಒಂದೇ ಪರದೆಯಲ್ಲಿ ನಿಲ್ಲುತ್ತಿದ್ದರೆ, ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಮೊದಲು ಆ ಪರದೆಯನ್ನೇ ಕೇಳಿ.